ಎಣ್ಣಿ ಸೋರಿಲ್ಲ

ವಾರದಾಗ ಆರು ದಿನ ನನ್ನ ಕೈಗೆ ಮಸಿ,
ಏಳನೇ ದಿನ ಮಡ್ಡಿ.
ಎರಡೂ ಕರೀನ. ತೊಳಿಯೂ ಮುಂದ ಗೊತ್ತಾಗತೈತಿ:
ಮಸಿ ಬೆರಳಿನ ಗೆರಿಯೊಳಗ ಕುಂಡ್ರತೈತಿ,
ಮಡ್ಡಿ ಉಗುರಿನ ಸಂದಿಯೊಳಗ.

ಬೆಟಗೇರಿಯೊಳಗ, ಪ್ರೆಸ್ಸಿನ ಹಿಂದ, ತಗಡಿನ ಶೆಡ್ಡು.
ಶೆಡ್ಡಿನಾಗ ಅರವತ್ತೆಂಟರ ಫಿಯಾಟು.
ನರೇಗಲ್ಲಿನ ಡಾಕ್ಟರ ಮಗ ಕಿಲೋದ ಲೆಕ್ಕದಾಗ
ಗುಜರಿಗೆ ಹಾಕೂ ಮುಂದ ಅಡ್ಡ ನಿಂತು ತಂದದ್ದು.
ಬಣ್ಣ ಕೆರದರ ಒಳಗ ನೀಲಿ,
ನೀಲಿ ಕೆರದರ ಟ್ಯಾಕ್ಸಿಯ ಹಳದಿ.
ಡಾಕ್ಟರ ಮನ್ಯಾಗ ಇದು ಯಾರಿಗೂ ಗೊತ್ತಿರಲಿಲ್ಲ.
ನಾನೂ ಹೇಳಲಿಲ್ಲ.

ಐತವಾರ ಮುಳಗುಂದ ನಾಕಾದಿಂದ ದಾವಲಸಾಬ ಬರತಾನ,
ಲೇಥಿಗೆ ರಜೆ ಕೊಟ್ಟು.
ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ,
‘ಮೂರನೇ ಟ್ಯಾಪೆಟ್ ಮಾತು ಜಾಸ್ತಿ ಆತು’ ಅಂತಾನ.
ಡೈನಮೋ ತಗದು ಮಾರುತಿ ವ್ಯಾನಿನ ಆಲ್ಟರ್ನೇಟರ್
ನಾ ಕೂಡಿಸಿದ ದಿನ ಚಾ ಕುಡೀಲಿಲ್ಲ.
‘ಮುದುಕಗ ಹೊಸಾ ಹಲ್ಲು’ ಅಂದ.
ರಾತ್ರಿ ದೀಪ ಹಚ್ಚಿ ತೋರಿಸಿದೆ. ರಸ್ತೆ ಬೆಳಗಾತು.
‘ಕಡೀತೈತೇನೋ ಮತ್ತ’ ಅಂದು, ಚಾ ಕೇಳಿದ.

ಹ್ವಾದ ತಿಂಗಳು ಟೈಮಿಂಗ್ ಚೈನಿನ ಮುಚ್ಚಳ ಬಿಚ್ಚಿದಿವಿ.
ಬೋಲ್ಟು ಬಂದವು, ಮುಚ್ಚಳ ಬರವಲ್ದು.
ಕಟಗಿ ಸುತ್ತಿಗಿಲೆ ಎರಡು ಏಟು, ಒಂದು ಬೈಗಳ,
ಆಮ್ಯಾಲೆ ಬಿಟ್ಟಿತು.
ನಡುವ ಇದ್ದ ಗ್ಯಾಸ್ಕೆಟ್ ಕಂಪನಿದಲ್ಲ.
ಯಾವನೋ ಮೇಸ್ತ್ರಿ ದಪ್ಪ ಕಾಗದ ಕತ್ತರಿಸಿ ಕೂಡಿಸಿದ್ದು.
ಚಿಮಣಿ ಎಣ್ಯಾಗ ಅದ್ದಿ, ಹಳೇ ಬನೀನಿಲೆ ಒತ್ತಿದರ
ಅಂಚಿನಾಗ ಅಕ್ಷರ ಎದ್ದವು:

    ಜ್ಯೇಷ್ಠ ಪುತ್ರಿ ಚಿ. ಸೌ. ಕಾಂ.
    ಮ್ಮ
    ಗೋಧೂಳಿ ಮುಹೂರ್ತದಲ್ಲಿ

ಹುಡುಗಿ ಹೆಸರಿದ್ದಲ್ಲಿ ಬೋಲ್ಟಿನ ತೂತು.
ವರನ ಊರಿದ್ದಲ್ಲಿ ಚೈನು ತಿರಗೂ ಬಯಲು.

ಗೋಧೂಳಿಯ ‘ಳಿ’ ನೋಡಿ ನಾ ಹಂಗ ನಿಂತೆ.
ಅದರ ಬಾಲ ಮುರದಿತ್ತು.
ಆ ಮೊಳಿ ನಂದು. ನಮ್ಮಪ್ಪನ ಕೈಯಿಂದ ಕಲ್ಲಿನ ಮ್ಯಾಲೆ ಬಿದ್ದು ಮುರದದ್ದು,
ಸೀಸ ತುಟ್ಟಿ ಅಂತ ಅದನ್ನ ಹೊಡಕೊಂತ ಬಂದದ್ದು.
ಎಷ್ಟು ಮಂದಿ ಮದುವಿಗೆ ಬಾಲಿಲ್ಲದ ಗೋಧೂಳಿ!
ಇನ್ನೂ ಕೇಸಿನ ಖಣದಾಗ ಐತಿ. ತಂದು ಜೋಡಿಸಿ ನೋಡಿದೆ,
ಮಸಿ ಹಚ್ಚದ, ಬರೇ ಒತ್ತಿ.

ಹಳೇ ರಜಿಸ್ಟರ ಗೆದ್ದಲಿ ತಿಂದಾವ.
ಗದಗಿನ್ಯಾಗ ‘ಮ್ಮ’ ಇಲ್ಲದ ಹೆಸರ ಎಷ್ಟದಾವು, ಹುಡುಕಲಿಕ್ಕೆ?
ದಾವಲಸಾಬ ವರ್ನಿಯರ್ ಹಿಡದು ನೋಡಿದ.
‘ಕಾಲು ಮಿಲಿಮೀಟರ್. ಮಾಡಿದಾಂವ ಹುಷಾರಿದ್ದ.’
ಆ ಮದುವಿ ಮುಂದ ಏನಾತೋ ಗೊತ್ತಿಲ್ಲ.
ಎಣ್ಣಿ ಅಂತೂ ಸೋರಿರಲಿಲ್ಲ.

ಹೊಸಾದು ಎದರಾಗ ಕೊಯ್ಯೂದು?
ಈಗಿನ ಪತ್ರಿಕಿಗೆ ಪ್ಲಾಸ್ಟಿಕ್ಕಿನ ಪದರ, ಕಾದರ ಸುರಟತೈತಿ.
ನೀಲಾಂಬಿಕಾ ಒಳಗ ಹೋಗಿ ಟ್ರಂಕಿನಿಂದ ಒಂದು ಕಟ್ಟು ತಂದಳು.
ನಮ್ಮ ಲಗ್ನದ್ದು. ಸ್ವಂತ ಪ್ರೆಸ್ಸು, ಪುಕ್ಕಟೆ ಅಂತ
ಅಪ್ಪ ನೂರಿಪ್ಪತ್ತು ಜಾಸ್ತಿ ಹೊಡದಿದ್ದ.
‘ಕೊಯ್ರಿ’ ಅಂದಳು.
‘ನನ್ನ ಹೆಸರಿನ ಮ್ಯಾಲೆ ತೂತು ಬ್ಯಾಡ.’

ಮುಚ್ಚಳದ ಮ್ಯಾಲೆ ಪತ್ರಿಕಿ ಇಟ್ಟು
ಅಂಚಿಗುಂಟ ಸುತ್ತಿಗಿ ಸಣ್ಣಗ ಬಡದರ
ಕಾಗದ ತಾನ ಕತ್ತರಿಸಿಕೊಂತ ಹೋಗತೈತಿ.
ನಾಲ್ಕು ಸಲ ತಿರಿವಿ ಇಟ್ಟೆ.
ಆಕಿ ಹೆಸರು ಅಂಚಿನಾಗ ಉಳೀತು,
ನಂದು ಬೋಲ್ಟಿಗೆ ಹೋತು.
ದಾವಲಸಾಬ ನೋಡಿದ, ಏನೂ ಅನಲಿಲ್ಲ,
ಗ್ರೀಸು ಸವರಿದ.

ಇವತ್ತಿಗೆ ಹನ್ನೊಂದು ದಿನ.
ಇಂಜಿನ್ನಿನ ಬುಡಕ ಪ್ರೂಫಿನ ಹಾಳಿ ಹಾಸಿ
ಮುಂಜಾನಿ ಎತ್ತಿ ಬೆಳಕಿಗೆ ಹಿಡೀತೀನಿ.
ನಿನ್ನೆ ಒಂದು ಹನಿ ಬಿದ್ದಿತ್ತು,
ಗಿಯರ್ ಬಾಕ್ಸಿನ ಕಡೀದು.
ಅದು ಬ್ಯಾರೆ ಐತವಾರದ ಮಾತು.