ಒಂದು ಗೇಣು

ಹನ್ನೊಂದು ಚಳಿಗಾಲ ಅವಳ ಸ್ಕೀಗಳಿಗೆ ಮೇಣ ಹಚ್ಚಿದವನು ನಾನು.
ಗಿಲೇನ್ ಮೆರ್ಮಿಯೋ. ಹೆಸರು ನಿಮಗೆ ನೆನಪಿರಲಿಕ್ಕಿಲ್ಲ,
ನಾಲ್ಕನೆಯವರಿಗೆ ಯಾರೂ ಕಲ್ಲು ನೆಡುವುದಿಲ್ಲ.
ಅವಳ ಮುಖಕ್ಕಿಂತ ನನಗೆ ಚೆನ್ನಾಗಿ ಗೊತ್ತಿದ್ದುದು
ಆ ಸ್ಕೀಗಳ ಅಡಿಮೈ:
ಎಡಗಾಲಿನ ಒಳಅಂಚು ಯಾವಾಗಲೂ ಮೊದಲು ಮೊಂಡು.
ಅರ ಹಿಡಿದು ತಿಕ್ಕುತ್ತಾ ಕೇಳಿದರೆ
"ನಮ್ಮೂರ ದಿಬ್ಬವೇ ಎಡಕ್ಕೆ ವಾಲಿದೆ" ಎನ್ನುವಳು.

ಊರು ಬೋಫೋರ್ ಕಣಿವೆಯ ನೆತ್ತಿ.
ಅಪ್ಪ ಹಗ್ಗದ ಲಿಫ್ಟಿನ ಡೀಸೆಲ್ ಎಂಜಿನ್ನಿನವನು;
ಐದಕ್ಕೆ ಎಂಜಿನ್ ಬಂದ್.
ಆಮೇಲೆ ಸ್ಕೀ ಹೆಗಲಿಗೇರಿಸಿ ನಡೆದೇ ಹತ್ತುವಳು,
ಸೌದೆ ಕಡ್ಡಿಗಳನ್ನು ನೆಟ್ಟು
ಕೊಟ್ಟಿಗೆಯ ಒಂಟಿ ದೀಪದ ಬೆಳಕಿಗೆ ಇಳಿಯುವಳು,
ಮತ್ತೆ ಹತ್ತುವಳು,
ಹಸುಗಳು ತಲೆ ಎತ್ತಿ ನೋಡಿ ಬೇಸತ್ತು ಮೆಲುಕಿಗೆ ಮರಳುವವರೆಗೆ.

ಮೊದಲ ದೊಡ್ಡ ಪಂದ್ಯ. ಎದೆಯ ಮೇಲೆ ಐವತ್ತೆಂಟು.
ಐವತ್ತೇಳು ಮಂದಿ ಉತ್ತು ಬಿಟ್ಟ ಇಳಿಜಾರು ಅದು,
ಬರೀ ಕುಳಿ, ಬರೀ ಗಾಲಿಜಾಡು.
ಹನ್ನೊಂದನೆಯವಳಾಗಿ ಬಂದಳು.
ಕೋಚ್ ಫಲಕವನ್ನು ಎರಡು ಸಲ ಓದಿದ.
ನಂತರದ ವರ್ಷಗಳು ನನಗೆ ಹೋಟೆಲಿನ ನೆಲಮಾಳಿಗೆಗಳು,
ಇಸ್ತ್ರಿಯಡಿ ಕರಗುವ ಮೇಣದ ಹೊಗೆ,
ಮೇಲೆ ಅವಳ ನಿದ್ದೆ, ಕೆಳಗೆ ನನ್ನ ಎಚ್ಚರ.
ಗೆದ್ದದ್ದು ಎರಡು ಸಲ;
ಎರಡು ಸಲವೂ ದಟ್ಟ ಕಾವಳ, ಟೀವಿಯಲ್ಲಿ ಏನೂ ಕಾಣಲಿಲ್ಲ.

ಆಮೇಲೆ ಆ ಫೆಬ್ರವರಿ.
ಬೆಳಿಗ್ಗೆ ಆರಕ್ಕೆ ಹಿಮದೊಳಗೆ ಥರ್ಮಾಮೀಟರ್ ಚುಚ್ಚಿ
ನೀಲಿ ಮೇಣ ಆರಿಸಿದವನು ನಾನು. ಕಡುಚಳಿಯ ಮೇಣ.
ಹತ್ತರ ಹೊತ್ತಿಗೆ ಮೋಡ ಸರಿದು ಎರಡು ಡಿಗ್ರಿ ಏರಿತು.
ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಎರಡು ಪಾಲಿಗೆ.
ರಾತ್ರಿ ಕೂತು ಲೆಕ್ಕ ಹಾಕಿದೆ, ಅವಳ ವೇಗಕ್ಕೆ ಅದು
ಒಂದು ಗೇಣು.
ಸ್ವರ್ಗಕ್ಕೆ ಮೂರೇ ಗೇಣು ಎಂದು ಕುಣಿಯುವವರನ್ನು ಕಂಡಿದ್ದೇನೆ.
ಅವರು ಒಂದೇ ಗೇಣನ್ನು ಅಳೆದವರಲ್ಲ.

ಮಂಡಿ ಹೋದದ್ದು ಪಂದ್ಯದಲ್ಲೂ ಅಲ್ಲ,
ಅಕ್ಟೋಬರಿನ ಯಾವುದೋ ಗುರುವಾರ, ಅಭ್ಯಾಸದ ಕೊನೆಯ ಸುತ್ತು.
ಎರಡು ಶಸ್ತ್ರಚಿಕಿತ್ಸೆ, ಒಂದೂವರೆ ವರ್ಷ.
ಮರಳಿ ಬಂದಳು, ಇಪ್ಪತ್ತೊಂಬತ್ತನೆಯವಳಾದಳು,
ಗಡಿಯಾರಕ್ಕೆ ಬೆನ್ನು ಹಾಕಿ ಬೂಟಿನ ಕೊಂಡಿ ಬಿಚ್ಚಿದಳು.
ಅಷ್ಟೆ.

ಈಗ ಅವಳು ಅದೇ ದಿಬ್ಬದಲ್ಲಿ
ರಾತ್ರಿ ಹಿಮ ಬಾಚುವ ಯಂತ್ರ ಓಡಿಸುತ್ತಾಳೆ.
ನಿನ್ನೆ ಪಕ್ಕದ ಸೀಟಿನಲ್ಲಿ ನಾನಿದ್ದೆ,
ಥರ್ಮಾಸಿನ ಕಾಫಿ, ವೈಪರಿನ ಕಿರಗುಟ್ಟು.
ಒಮ್ಮೆ ಅವಳು ಆರೇ ಗಳಿಗೆಯಲ್ಲಿ ಹಾರಿದಂತೆ ಇಳಿದಲ್ಲಿ
ಈಗ ಎತ್ತಿನ ನಡಿಗೆ.
ಮೂವತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ:
ನೀಲಿಯದು ತಪ್ಪು. ನೇರಳೆ ಹಚ್ಚಬೇಕಿತ್ತು.

ಅವಳು ಎಂಜಿನ್ ನಿಲ್ಲಿಸಲಿಲ್ಲ.
"ನೀಲಿಯೇ ಸರಿ. ಮೂವತ್ತೊಂದನೆಯ ಕಂಬದ ಹತ್ತಿರ
ಗೆದ್ದೆ ಅಂದುಕೊಂಡೆ, ನೋಡು. ಅಷ್ಟರಲ್ಲೇ ಹೋಯಿತು."
ನಿಜವೋ, ನನಗೆಂದು ಹುಟ್ಟಿಸಿದ ಕರುಣೆಯೋ,
ದೀಪದ ಬೆಳಕಿನಲ್ಲಿ ಅವಳ ಮುಖ ಏನೂ ಬಿಟ್ಟುಕೊಡಲಿಲ್ಲ.
ಆವಿಗಟ್ಟಿದ ಗಾಜಿನ ಮೇಲೆ ಹೆಬ್ಬೆರಳು ಊರಿ
ಕಿರುಬೆರಳು ಚಾಚಿ ತೋರಿಸಿದಳು: ಇಷ್ಟು.
ಅವಳ ಗೇಣು ನನ್ನದಕ್ಕಿಂತ ಚಿಕ್ಕದು.
ಇದು ನನಗೆ ಹೊಳೆದೇ ಇರಲಿಲ್ಲ.

ಹಿಂದೆ ಬಾಚಿದ ಹಿಮ ಗೆರೆಗೆರೆಯಾಗಿ ಉಳಿಯುತ್ತಿತ್ತು.
ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಮಕ್ಕಳು ಬಂದು
ಎಲ್ಲ ಕೆದರುತ್ತಾರೆ ಎಂದಳು,
ಎಡಕ್ಕೆ ತಿರುಗಿಸಿದಳು.