ಮೂರು ನಿಮಿಷ

ಗುರುವಾರ ನಡುರಾತ್ರಿ ಎರಡು ಇಪ್ಪತ್ತಕ್ಕೆ ಅವಳ ಪಾಳಿ,
ಎರಡು ನಲವತ್ತಕ್ಕೆ ನನ್ನದು.
ಸ್ವಾರ್ಟ್‌ಬರ್ಗ್ ಬೆಟ್ಟ ಇಳಿದ ನೀರು
ಕರೂ ಬಯಲಿನ ನಮ್ಮ ಬೀದಿಯಂಚಿನ ಕಾಲುವೆಯಲ್ಲಿ
ಯಾರ ಮನೆಯನ್ನೂ ನೋಡದೆ ನಡೆಯುತ್ತದೆ;
ತಗಡಿನ ಹಲಗೆ ಎತ್ತಿದವರ ಹಿತ್ತಲಿಗೆ ಮಾತ್ರ
ತಿರುಗಿ, ಇದ್ದೀರಾ ಅನ್ನುತ್ತದೆ.

ಅವಳ ಹೆಸರು ಡೋರ್ಕಾಸ್ ಸೆಪ್ಟೆಂಬರ್.
ಹಡಗಿನಿಂದ ಇಳಿಸಿದ ತಿಂಗಳನ್ನೇ
ಮುತ್ತಜ್ಜನ ಅಜ್ಜನಿಗೆ ಹೆಸರಾಗಿ ಬರೆದರಂತೆ ಒಡೆಯರು.
ಇಲ್ಲಿ ಸೆಪ್ಟೆಂಬರ್ ಅಂದರೆ ವಸಂತ.
"ಜೂನ್‌ನಲ್ಲಿ ಇಳಿಸಿದ್ದರೆ
ಹೆಸರಿಗೇ ಹಿಮ ಕಟ್ಟಿರೋದು" ಎಂದು ನಗುತ್ತಾಳೆ.

ನಾನು ರೈಲಿನವನು. ಮೂವತ್ತೊಂದು ವರ್ಷ
ಕೈಯಲ್ಲಿ ಹಸಿರು ಬಾವುಟ, ಕಣ್ಣು ಗಡಿಯಾರದಲ್ಲಿ.
ಅವಳ ಟೈಂಪೀಸು ಮೂರು ನಿಮಿಷ ಹಿಂದೆ.
ವಾರವಾರವೂ ನನ್ನ ಹಲಗೆಯ ಮುಂದೆ
ಒಣ ಮರಳು ಮೂರು ನಿಮಿಷ ಬಾಯ್ದೆರೆದು ಕಾಯುತ್ತಿತ್ತು.
ವರ್ಷಕ್ಕೆ ನೂರೈವತ್ತಾರು ನಿಮಿಷ!
ಹಳೆಯ ಟೈಮ್‌ಟೇಬಲ್ಲಿನ ಬೆನ್ನ ಮೇಲೆ ಬರೆದಿಟ್ಟಿದ್ದೆ.

ಜನವರಿ. ಇರುಳಲ್ಲೂ ಬಿಸಿಯಾರದ ಕಲ್ಲು.
ಕೈಯಾರೆ ಹಿಡಿಯಬೇಕೆಂದು ಬೇಗ ಹೋಗಿ ನಿಂತೆ.
ಬಕೆಟ್ಟು ಬೋರಲು ಹಾಕಿ ಕೂತಿದ್ದಳು, ಮಡಿಲಲ್ಲಿ ಟೈಂಪೀಸು.
ಎರಡು ಇಪ್ಪತ್ತಾಯಿತು. ಏಳಲಿಲ್ಲ.
ಇಪ್ಪತ್ತೊಂದು.
ಇಪ್ಪತ್ತೆರಡು.
ನೀರಿನ್ನೂ ಮೇಲ್ಮನೆ ಫಿಲಿಡಾಳ ಬೀನ್ಸ್ ಸಾಲಿಗೇ ಹೋಗುತ್ತಿತ್ತು.
"ಅವಳ ಹಿತ್ತಲು ಏರು," ಅಂದಳು, ನನ್ನತ್ತ ತಿರುಗದೆ,
"ನೀರಿಗೆ ಹತ್ತೋಕೇ ಮೂರು ನಿಮಿಷ ಬೇಕು."

ಹೊರಡುವುದೂ ತಡ, ಸೇರುವುದೂ ತಡ.
ಒಂದೇ ತುದಿಯ ಲೆಕ್ಕ ಬರೆದಿದ್ದೆ ನಾನು.
ಅವಳು ಕೊಟ್ಟ ದಾನ ನನ್ನ ಕಿಸೆಯಿಂದ, ಅದೂ ನಿಜವೇ,
ಹೇಳಲು ಬಾಯಿ ತೆರೆದೆ.
"ಮೊದಲು ನಿನ್ನ ಹುಲ್ಲುಹಾಸಿಗೆ ಕುಡಿತ ಬಿಡಿಸು" ಅಂದಳು.

ಏಪ್ರಿಲ್‌ನಲ್ಲಿ ಹುಲ್ಲು ಕಿತ್ತೆ,
ಕಿತ್ತದ್ದನ್ನೇ ಅಂಜೂರದ ಬುಡಕ್ಕೆ ಹೊದಿಸಿದೆ.
ಜೂನ್‌ನಲ್ಲಿ ಕೊಳಾಯಿಯ ಮೂಗಿಗೆ ಮಂಜುಗಡ್ಡೆ:
"ಮಲಗಿದವರನ್ನ ಎಬ್ಬಿಸಿ ಉಣಿಸ್ತಾರೇನು?"
ನಿಂಬೆಯ ಸುತ್ತ ಕಪ್ಪು ಕಲ್ಲು ಜೋಡಿಸಿದೆವು,
ಹಗಲು ನುಂಗಿದ ಬಿಸಿಲನ್ನು ಇರುಳು ಮೆಲ್ಲಗೆ ಬಿಡುವ ಕಲ್ಲು.
ಅವಳ ತಿಂಗಳು ಬಂತು, ಏಪ್ರಿಕಾಟ್ ಹೂ ಉದುರಿತು.
ಹಿಮದ ಹೆದರಿಕೆ ಕಳೆದ ಮೇಲೆ
ಮೆರುಗಿಲ್ಲದ ಮಡಕೆಗಳನ್ನು ಕುತ್ತಿಗೆಯವರೆಗೆ ಹೂತು
ಸುತ್ತ ಟೊಮೆಟೊ ಸಸಿ ಊರಿದೆ.
ಒಂದು ಒಡೆದಾಗ ಅಗೆದು ನೋಡಿದರೆ
ಬೇರೆಲ್ಲ ಬಂದು ಮಡಕೆಯನ್ನು ತಬ್ಬಿಕೊಂಡಿತ್ತು,
ಒಡೆದದ್ದು ಅದಕ್ಕಿನ್ನೂ ಗೊತ್ತಿರಲಿಲ್ಲ.
ಬಚ್ಚಲ ನೀರು ದಾಳಿಂಬೆ ಬೇಲಿಗೆ.
("ಸೋಪು ಕಡಿಮೆ ಹಚ್ಚು ಮಾರಾಯ,
ದಾಳಿಂಬೆಗೇನು ಮೈ ಕೊಳೆಯಾಗಿದೆಯಾ?")

ಈ ಡಿಸೆಂಬರ್ ಬೆಟ್ಟದ ಮೇಲೆ ಮೋಡವೇ ನಿಲ್ಲಲಿಲ್ಲ.
ಪಾಳಿ ಹನ್ನೆರಡು ನಿಮಿಷಕ್ಕಿಳಿಯಿತು.
ಮೂರು ಕಳೆದರೆ ಒಂಬತ್ತು.
ಮೂಲೆಯ ಗುಲಾಬಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

ಕಳೆದ ವಾರ ಅವಳ ಟೈಂಪೀಸು ನಿಂತೇಹೋಯಿತು.
ಸೆರಗಿಲ್ಲದ ಕೋಟಿನ ಜೇಬಲ್ಲಿ ತಂದುಕೊಟ್ಟಳು,
ರೈಲಿನವನಲ್ಲವೇ, ನೋಡು ಎಂದು.
ಚಕ್ರದ ಹಲ್ಲಿನ ಮರಳು ಒರೆಸಿದೆ, ಎಣ್ಣೆ ಬಿಟ್ಟೆ,
ಹಳೆಯ ಚಾಳಿ, ಮುಳ್ಳನ್ನು ಸರಿಯಾದ ವೇಳೆಗೇ ತಿರುಗಿಸಿದೆ.
ಆಮೇಲೆ
ಕೀಲಿ ಕೊಡದೆ
ಮೂರು ನಿಮಿಷ ಸುಮ್ಮನೆ ಕೂತೆ.