ನೆಲ್ಲಿಕಟ್ಟೆ ದಾಟಿ ಹೋದದ್ದು

ಮರದ ಮಿಲ್ಲಿನ ಹಿಂದೆ, ನೆಲಕ್ಕಿಂತ ಒಂದಾಳು ತಗ್ಗಿನಲ್ಲಿ
ಕಳರಿ. ಮಡಲಿನ ಮಾಡಿನ ಕೆಳಗೆ ನಲ್ವತ್ತೆರಡು ಅಡಿ ಕೆಮ್ಮಣ್ಣು.
ಬಲಗಾಲು ಮೊದಲು. ಬಗ್ಗಿ ನೆಲ ಮುಟ್ಟಿ, ಹಣೆ ಮುಟ್ಟಿ
ಇಳಿದೆ, ಮೂವತ್ತೆಂಟನೆಯ ವಯಸ್ಸಿನಲ್ಲಿ,
ಏಳನೇ ಕ್ಲಾಸಿನ ಮಕ್ಕಳ ಸಾಲಿನ ಕಡೆಗೆ.

ಎಂತಕ್ಕೆ ಎಂದು ಕೇಳಲಿಲ್ಲ ಅಂಬಾಡಿ ಗುರಿಕ್ಕಳ್.
ಮೊಣಕಾಲು ನೋಡಿದರು, ಹಿಮ್ಮಡಿ ನೋಡಿದರು,
“ಎಳ್ಳೆಣ್ಣೆ ಅರ್ಧ ಲೀಟರು, ಕಚ್ಚೆಗೆ ಬಟ್ಟೆ” ಎಂದರು.
ಬಾಯಿಪಾಠ ಮಾಡಿ ತಂದ ಕಾರಣ
ನಾಲಗೆಯ ಮೇಲೇ ಉಳಿಯಿತು, ಕರಗದ ಮಾತ್ರೆ.

ಹಗಲಿಡೀ ವಿದ್ಯಾನಗರದಲ್ಲಿ ಅರ್ಜಿ ಬರೆಯುವ ಕೆಲಸ ನನ್ನದು:
ಕನ್ನಡದಲ್ಲಿ ಅತ್ತ ಬಾವಿಯ ಜಗಳ, ಬೇಲಿಯ ಜಗಳ
ಮಲಯಾಳದಲ್ಲಿ ಒಣಗಿಸಿ ಸ್ಟ್ಯಾಂಪು ಅಂಟಿಸಬೇಕು.
ಸಂಜೆ ಆರಕ್ಕೆ ಕೆಲಸ ತಲೆಕೆಳಗು.
ಗುರಿಕ್ಕಳ್ ವಾಯ್ತಾರಿ ಕೂಗುತ್ತಾರೆ: ಅಮರ್ನ್ನು... ನಿವರ್ನ್ನು... ವಲತ್ತು...
ಅವರ ‘ವ’ ನನ್ನ ಕಿವಿಯ ಹೊಸ್ತಿಲಲ್ಲಿ ಎಡವಿ ‘ಬ’ ಆಗಿ ಒಳಗೆ ಬರುತ್ತದೆ,
ವಲ ಹೋಗಿ ಬಲ, ವಡಿ ಹೋಗಿ ಬಡಿಗೆ,
ಅಷ್ಟರಲ್ಲಿ ಮಕ್ಕಳು ಸಿಂಹ ಮುಗಿಸಿ ಹಂದಿಯಲ್ಲಿದ್ದಾರೆ.
ನಾನಿನ್ನೂ ಅರ್ಧ ಆನೆ.

“ತಲೆಯಲ್ಲಿ ಬರೆಯಬೇಡ,” ಎಂದರು ಅವರ ಅರೆಗನ್ನಡದಲ್ಲಿ,
“ಕಾಲಿಗೆ ಭಾಷೆ ಇಲ್ಲ.”
ಸುಳ್ಳು. ನನ್ನ ಕಾಲಿಗೆ ಉಂಟು.
ಅದಕ್ಕೆ ಒಂದೇ ಶಬ್ದ ಗೊತ್ತು: ಸರಿ.
ಸರಿ, ಇನ್ನೂ ಆಚೆ ಸರಿ,
ಬಸ್ಸಿನ ಕಂಬಿಗೆ ಒತ್ತಿಕೊಂಡು ಸರಿ,
ಕಿಟಕಿಯೇ ಭುಜವಾಗುವವರೆಗೆ ಸರಿ.
ಅಮ್ಮ ಕಲಿಸಿದ್ದು, ಅಮ್ಮನಿಗೆ ಅವಳಮ್ಮ.
ಸರಿಯುವುದೇ ಸರಿ ಎಂದೂ ಕಲಿಸಿದ್ದರು.

ಕೋಲಿಗೆ ಬಂದಾಗ ಎದುರಿಗೆ ಸಫ್ವಾನಾ, ಹದಿಮೂರು ವರ್ಷ,
ಹಲ್ಲಿಗೆ ತಂತಿ. ಬೆರಳ ಗೆಣ್ಣಿಗೆ ಸರಿಯಾಗಿ ಕೊಟ್ಟು
“ಸಾರಿ ಚೇಚಿ” ಎಂದು ಇನ್ನೊಂದು ಕೊಟ್ಟಳು.

ಆಗ ಗುರಿಕ್ಕಳ್ ಹೇಳಿದ ಆ ಒಂದು ಮಾತಿಗೆ
ತರ್ಜುಮೆ ಬೇಕಾಗಲಿಲ್ಲ: ಮೆಯ್ಯ್ ಕಣ್ಣಾಗಣಂ.
ಮೈಯೆಲ್ಲ ಕಣ್ಣಾಗಬೇಕು.
ನಕ್ಕುಬಿಟ್ಟೆ. ಕಳರಿಯಲ್ಲಿ ನಗಬಾರದು.
ಈ ಮೈಯಲ್ಲಿ ಕಣ್ಣಲ್ಲದೆ ಬೇರೆ ಎಂತ ಉಂಟು, ಗುರಿಕ್ಕಳೇ?
ಬೆನ್ನಿಗೆ ಎರಡು, ಸೊಂಟಕ್ಕೆ ನಾಲ್ಕು,
ಸೆರಗಿನ ಪಿನ್ನಿನ ಹತ್ತಿರ ಒಂದು, ರೆಪ್ಪೆಯಿಲ್ಲದ್ದು,
ನನ್ನ ಹದಿನಾಲ್ಕನೇ ವರ್ಷದಿಂದ ತೆರೆದೇ ಉಂಟು.
ನೀವು ಎಣ್ಣೆ ಹಚ್ಚಲು ಹೇಳಿದಿರಿ.
ಉರಿಯುವುದು ಚರ್ಮವಲ್ಲ.

ಅವರು ಕೋಲು ಕೆಳಗಿಟ್ಟರು.
ಮಿಲ್ಲಿನ ಗರಗಸ ಒಂದು ಹಲಸಿನ ದಿಮ್ಮಿಯನ್ನು
ಪೂರ್ತಿ ಸೀಳಿ ಮುಗಿಸುವ ತನಕ ಮಾತಿಲ್ಲ.
ಆಮೇಲೆ: “ಹಾಗಾದರೆ ನಿನಗೆ ಪಾಠ ಬೇರೆ.
ಮುಚ್ಚಲು ಕಲಿ.”

ನಡುಗುಂಡಿಯಲ್ಲಿ ರೆಪ್ಪೆ ಮುಚ್ಚಿ ನಿಲ್ಲುತ್ತೇನೆ.
ಸುತ್ತ ಸಫ್ವಾನಾ, ಕೋಲು.
ಕೋಲಿಗೆ ಮೊದಲು ಗಾಳಿ ಬರುತ್ತದೆ,
ಗಾಳಿಗೆ ಮೊದಲು, ಮಣ್ಣಿನಲ್ಲಿ ಅವಳ ಹೆಬ್ಬೆರಳು ಊರುವುದು
ನನ್ನ ಅಂಗಾಲಿಗೆ ತಿಳಿಯುತ್ತದೆ.
ಅಷ್ಟು ಸಾಕು.
ಅಂಗಾಲಿಗೊಂದು ಇಟ್ಟುಕೊಂಡು ಉಳಿದವಕ್ಕೆ ಹೇಳಿದೆ, ಹೋಗಿ, ಮಲಗಿ.
ಸೊಂಟದವು ಬಹಳ ದಿನ ನಂಬಲಿಲ್ಲ.

ಮೊನ್ನೆ ಏಳೂ ಇಪ್ಪತ್ತರ ಬಸ್ಸು. ಚೆರ್ಕಳದ ತಿರುವು ನೆನಪುಂಟು,
ಪಕ್ಕ ಕೂತವನ ಬೀಡಿ ವಾಸನೆಯ ಅಂಗಿ ನೆನಪುಂಟು.
ಆಮೇಲೆ ಇಲ್ಲ.
ನೆಲ್ಲಿಕಟ್ಟೆ ಬಂತು, ನನ್ನನ್ನು ಕರೆಯದೆ ಹೋಯಿತು.
ಬಾಯಿ ತೆರೆದು, ಕಾಲು ಚಾಚಿ, ಗೊರಕೆ ಕೂಡ ಹೊಡೆದೆನಂತೆ.
ಬದಿಯಡ್ಕದಲ್ಲಿ ಕಂಡಕ್ಟರನ ಕೈ ಭುಜದ ಬಳಿ ಬಂದಾಗ
ಮುಟ್ಟುವ ಮೊದಲೇ ಅವನ ಮಣಿಕಟ್ಟು ನನ್ನ ಬೆರಳೊಳಗಿತ್ತು.
“ಅಯ್ಯೋ, ಲಾಸ್ಟ್ ಸ್ಟಾಪು ಮಾರಾಯ್ರೇ!”
ಬಿಟ್ಟೆ. ತಕ್ಷಣವಲ್ಲ.

ವಾಪಸು ಬಸ್ಸಿಗೆ ಮುಕ್ಕಾಲು ಗಂಟೆ.
ನೆಲಗಡಲೆ ಕೊಂಡು, ಸ್ಟ್ಯಾಂಡಿನ ಬೆಂಚಿನ ನಟ್ಟನಡುವೆ ಕೂತೆ.
ಒಬ್ಬ ಬಂದು, ಸ್ವಲ್ಪ ಸರಿಯುತ್ತೀರಾ, ಎಂದ.
ಆ ಕಡೆ ಖಾಲಿ ಉಂಟಲ್ಲ, ಎಂದೆ,
ಸಿಪ್ಪೆ ಬಿಡಿಸುತ್ತ.